ಬಲಗಡೆಯ ಪ್ಲಗ್

"ಅಣ್ಣಾ, ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ" ಅಂತ ಕನ್ನಡ ಸಂಘದ ಜೂನಿಯರ್ ಒಬ್ಬ ಮೆಸೇಜ್ ಹಾಕಿದ್ದ. ಏನು ಬರೀಲಿ ಅಂತ ಕೇಳಿದರೆ "ಅಮೆರಿಕ, ಎಂ.ಎಸ್., ಅಂಥದ್ದೇ ಏನಾದ್ರೂ" ಅಂದ. ಅಂಥದ್ದು ನಿಮಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತೆ. ನಾನು ಒಂದು ದೋಣಿಯ ಎಂಜಿನ್ ಕಥೆ ಹೇಳ್ತೀನಿ. ಆ ಎಂಜಿನ್ ಹಾಳು ಮಾಡಿದ್ದು ನಾನೇ. ಮೆಕ್ಯಾನಿಕಲ್‌ನವರಿಗೆ ಇದು ಸ್ವಲ್ಪ ಬೇಗ ಅರ್ಥವಾಗಬಹುದು. ಆದರೆ ಲ್ಯಾಬ್ ರೆಕಾರ್ಡ್ ಬರೆದಿರೋ ಎಲ್ಲ ಬ್ರಾಂಚ್‌ನವರಿಗೂ ಸೇರಿದ ಕಥೆ ಇದು.

ನಾನು ಓದಲು ಹೋಗಿದ್ದು ಮಿನ್ನೆಸೋಟಾ ರಾಜ್ಯಕ್ಕೆ. ಅಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೆ '10,000 ಕೆರೆಗಳು' ಅಂತ ಬರೆದಿರುತ್ತೆ. ಬಡಾಯಿ ಅಂದುಕೊಂಡಿದ್ದೆ. ನಿಜವಾಗಿ ಎಣಿಸಿದರೆ ಅದಕ್ಕಿಂತ ಜಾಸ್ತಿಯೇ ಇವೆಯಂತೆ. ಬೇಸಿಗೆ ಬಂದರೆ ಊರಿಗೆ ಊರೇ ನೀರಿನ ಮೇಲಿರುತ್ತೆ. ವಾಟರ್ ಸ್ಕೀಯಿಂಗ್ ಅನ್ನೋ ಆಟ ಹುಟ್ಟಿದ್ದೂ ಅಲ್ಲೇ. 1922ರಲ್ಲಿ ಲೇಕ್ ಪೆಪಿನ್ ಅನ್ನೋ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ 18 ವರ್ಷದ ಹುಡುಗ ಎರಡು ಹಲಗೆಗಳ ತುದಿ ಬಗ್ಗಿಸಿ, ಕಾಲಿಗೆ ಕಟ್ಟಿಕೊಂಡು, ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ನಿಂತ.

ಜನವರಿ ಬಂದರೆ ಅದೇ ಕೆರೆಗಳ ಮೇಲೆ ಜನ ಪಿಕಪ್ ಟ್ರಕ್ ಓಡಿಸಿಕೊಂಡು ಹೋಗಿ, ಐಸಿಗೆ ತೂತು ಕೊರೆದು ಮೀನು ಹಿಡೀತಾರೆ. ಮೈನಸ್ 30 ಡಿಗ್ರಿ ಮುಟ್ಟೋ ದಿನಗಳೂ ಉಂಟು. ಈ ಎರಡು ಕಾಲಗಳ ನಡುವೆ, ಅಕ್ಟೋಬರ್‌ನಲ್ಲಿ, ದೋಣಿ ಇರೋ ಮನೆಗಳಲ್ಲೆಲ್ಲ ಒಂದು ಕೆಲಸ ನಡೆಯುತ್ತೆ: ದೋಣಿಯನ್ನು ಚಳಿಗಾಲಕ್ಕೆ ಸಿದ್ಧ ಮಾಡೋದು. ನಮ್ಮ ಮಲೆನಾಡಿನ ಕಡೆ ಮೇ ತಿಂಗಳಲ್ಲಿ ಸೌದೆ ಒಟ್ಟಿ, ಹೆಂಚು ಕೈಯಾಡಿಸಿ, ಹಪ್ಪಳ ಸಂಡಿಗೆ ಡಬ್ಬಿಗೆ ತುಂಬೋದಿಲ್ವಾ, ಹಾಗೆ. ಮಳೆ ಹಿಡಿದ ಮೇಲೆ ಮಾಡಿನ ಮೇಲೆ ಹತ್ತೋಕಾಗಲ್ಲ. ಅಲ್ಲಿಯೂ ಅಷ್ಟೇ, ಮೊದಲ ಗಟ್ಟಿ ಚಳಿ ಬೀಳೋ ರಾತ್ರಿಯೊಳಗೆ ಮುಗಿದಿರಬೇಕು.

ನಾನು ಬಾಡಿಗೆಗಿದ್ದ ಮನೆಯ ಓನರ್ ಎಪ್ಪತ್ತು ದಾಟಿದವರು. ಜೀವನಪೂರ್ತಿ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿದು ನಿವೃತ್ತರಾಗಿದ್ದರು. "ಹೆಸರು ಹಿಡಿದೇ ಕರಿ" ಅಂತಿದ್ದರು, ನನ್ನ ಬಾಯಿಗೆ ಬರಲೇ ಇಲ್ಲ. ಎದುರಿಗೆ 'ಸರ್', ಮನಸ್ಸಿನಲ್ಲಿ 'ಅಜ್ಜ'. ಇಲ್ಲೂ ಅಜ್ಜ ಅಂತಲೇ ಬರೀತೀನಿ. ಮನೆ ಹಿಂದಿನ ಶೆಡ್ಡಿನಲ್ಲಿ ಅಜ್ಜನ ಸ್ಕೀ ದೋಣಿ ಇತ್ತು, 90ರ ದಶಕದ್ದು.

ಮಲ್ಪೆ, ಕಾರವಾರದ ಕಡೆ ಹಿಂಬದಿಗೆ ಮೋಟಾರ್ ನೇತುಹಾಕಿದ ದೋಣಿಗಳನ್ನು ನೋಡಿರ್ತೀರಿ, ಅದು ಔಟ್‌ಬೋರ್ಡ್. ಅಜ್ಜನ ದೋಣಿ ಇನ್‌ಬೋರ್ಡ್. ಅಂದರೆ ಎಂಜಿನ್ ದೋಣಿಯ ಒಳಗೇ, ಹೆಚ್ಚುಕಡಿಮೆ ನಡುಮಧ್ಯೆ, ಒಂದು ಪೆಟ್ಟಿಗೆಯ ಕೆಳಗಿರುತ್ತೆ. ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಒಂದು ನೇರ ಶಾಫ್ಟ್ ದೋಣಿಯ ತಳ ತೂರಿಕೊಂಡು ಪ್ರೊಪೆಲರ್‌ಗೆ ಹೋಗುತ್ತೆ. ಎಂಜಿನ್ 5.7 ಲೀಟರಿನ ವಿ8, ಕಾರ್ಬ್ಯುರೇಟರ್‌ನದು. ಅಮೆರಿಕದ ಕಾರು, ಟ್ರಕ್ಕುಗಳಲ್ಲಿ ದಶಕಗಟ್ಟಲೆ ಓಡಿದ ಷೆವ್ರೊಲೆ ಬ್ಲಾಕನ್ನೇ ನೀರಿಗೆ ತಕ್ಕಂತೆ ಬದಲಾಯಿಸಿದ್ದು.

ಏನು ಬದಲಾವಣೆ ಅನ್ನೋದೇ ನನಗೆ ದೊಡ್ಡ ಪಾಠವಾಗಿತ್ತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಸೋರಿದರೆ ಕೆಳಗೆ ಹರಿದು ಹೋಗುತ್ತೆ, ದೋಣಿಯಲ್ಲಿ ತಳದಲ್ಲೇ ಕೂತಿರುತ್ತೆ. ಅದಕ್ಕೇ ಕೀ ತಿರುಗಿಸೋ ಮೊದಲು ಕೆಲವು ನಿಮಿಷ ಬ್ಲೋವರ್ ಹಾಕಿ ಗಾಳಿ ಹೊರಗೆ ತಳ್ಳಬೇಕು. ಸ್ಟಾರ್ಟರ್, ಆಲ್ಟರ್ನೇಟರ್ ಎರಡೂ ಕಿಡಿ ಹೊರಗೆ ಬಾರದ ಹಾಗೆ ಮುಚ್ಚಿದಂಥವು. ನೋಡೋಕೆ ಕಾರಿನದರ ಹಾಗೇ ಇದ್ದರೂ ಕಾರಿನದ್ದನ್ನು ತಂದು ಹಾಕುವಂತಿಲ್ಲ.

ಇನ್ನೊಂದು ವ್ಯತ್ಯಾಸ, ಈ ಕಥೆಗೆ ಬೇಕಾದದ್ದು: ರೇಡಿಯೇಟರ್ ಇಲ್ಲ. ಸುತ್ತ ಇರೋ ಕೆರೆಯೇ ರೇಡಿಯೇಟರ್. ತಳದ ಒಂದು ತೂತಿನಿಂದ ಕೆರೆಯ ನೀರು ಗೇರ್‌ಬಾಕ್ಸಿನ ಕೂಲರ್ ಮೂಲಕ ಬಂದು, ರಬ್ಬರ್ ಇಂಪೆಲರ್ ಇರೋ ಪಂಪಿಗೆ ಸೇರುತ್ತೆ. ಅಲ್ಲಿಂದ ಎಂಜಿನ್ ಬ್ಲಾಕು, ಹೆಡ್ಡು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಲ್ಲ ಸುತ್ತಿ ಹೊಗೆಯ ಜೊತೆ ಹೊರಗೆ. ಹಾಗಾಗಿ ಎಂಜಿನ್ ಹೊಟ್ಟೆಯಲ್ಲಿ ಕೂಲೆಂಟ್ ಇರಲ್ಲ, ಬರೀ ಕೆರೆ ನೀರು. ನೀರಿನ ಜೊತೆ ಮರಳು, ಹೂಳು, ಒಳಗಿನ ತುಕ್ಕು.

ನೀರು ಐಸ್ ಆದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಎರಕದ ಕಬ್ಬಿಣ ಒತ್ತಿದರೆ ಗಟ್ಟಿ, ಎಳೆದರೆ ಬಡವ ಅಂತ ಮೆಟೀರಿಯಲ್ ಸೈನ್ಸ್‌ನಲ್ಲಿ ಓದಿದ್ದೀವಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಬ್ಲಾಕಿನ ನೀರಿನ ಜಾಕೆಟ್ ಒಳಗೆ ನೀರು ಉಳಿದು ಹೆಪ್ಪುಗಟ್ಟಿದರೆ ಗೋಡೆಯನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತೆ, ಅಂದರೆ ಗೋಡೆಗೆ ಎಳೆತ. ಬ್ಲಾಕಿನ ಪಕ್ಕದಲ್ಲಿರೋ ಬಿಲ್ಲೆಯಂಥ ಕೋರ್ ಪ್ಲಗ್‌ಗಳು ಹಾರಿ ಹೋಗಿ ಬ್ಲಾಕನ್ನು ಉಳಿಸುತ್ತವೆ ಅಂತ ಬಹಳ ಜನ ನಂಬಿದ್ದಾರೆ. ಅವು ಇರೋದು ಎರಕ ಹೊಯ್ಯುವಾಗ ಒಳಗಿನ ಮರಳು ತೆಗೆಯೋಕೆ ಬಿಟ್ಟ ತೂತು ಮುಚ್ಚೋಕೆ. ಕೆಲವು ಸಲ ಹಾರುತ್ತವೆ, ಕೆಲವು ಸಲ ಅವಕ್ಕಿಂತ ಮೊದಲೇ ಬ್ಲಾಕು ಬಿರಿಯುತ್ತೆ.

ಮೊದಲ ವರ್ಷ ನಾನು ಬರೀ ಟಾರ್ಚ್ ಹಿಡಿಯೋ ಹುಡುಗ. ಅಜ್ಜ ಒಂದೊಂದೇ ಹೇಳಿಕೊಡುತ್ತಾ ಹೋದರು. ಮೊದಲು ಟ್ಯಾಂಕಿಗೆ ಸ್ಟೆಬಿಲೈಸರ್ ಹಾಕಿ ಪೆಟ್ರೋಲ್ ತುಂಬಿಸೋದು. ಆರು ತಿಂಗಳು ನಿಂತ ಪೆಟ್ರೋಲ್ ಅಂಟಾಗುತ್ತೆ, ಎಥನಾಲ್ ಇದ್ದರೆ ನೀರನ್ನೂ ಹೀರುತ್ತೆ. ಅಲ್ಲಿ ದೋಣಿಗಳಿಗೆ ಅಂತ ಎಥನಾಲ್ ಇಲ್ಲದ ಪೆಟ್ರೋಲ್ ಸಿಗುತ್ತೆ. (ಇ-20 ಹಾಕಿಸಿ ಬೈಕನ್ನು ರಜೆಪೂರ್ತಿ ಹಾಸ್ಟೆಲ್‌ನಲ್ಲಿ ನಿಲ್ಲಿಸಿ ಹೋಗೋರು ಇದನ್ನು ಗಮನಿಸಿ!) ಆಮೇಲೆ ಪಂಪಿನ ಪೈಪನ್ನು ನೀರು ತುಂಬಿದ ಬಕೆಟ್ಟಿಗೆ ಬಿಟ್ಟು, ಬಕೆಟ್ಟಿಗೆ ನಲ್ಲಿ ನೀರು ಹರಿಸುತ್ತಾ ಎಂಜಿನ್ ಬಿಸಿ ಮಾಡೋದು. ನೀರಿಲ್ಲದೆ ಓಡಿಸಿದರೆ ರಬ್ಬರ್ ಇಂಪೆಲರ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟು ಹೋಗುತ್ತೆ. ಎಂಜಿನ್ ಬಿಸಿ ಇರುವಾಗಲೇ ಹಳೇ ಆಯಿಲ್ ತೆಗೆಯಬೇಕು, ಇಲ್ಲದಿದ್ದರೆ ಅದರೊಳಗಿನ ಆಸಿಡ್ ಇಡೀ ಚಳಿಗಾಲ ಬೇರಿಂಗ್ ಮೇಲೆ ಕೂತಿರುತ್ತೆ. ಕೆಳಗೆ ಟ್ರೇ ಇಡೋಕೆ ಜಾಗವಿಲ್ಲ, ಹಾಗಾಗಿ ಡಿಪ್‌ಸ್ಟಿಕ್ ನಳಿಕೆಯಿಂದಲೇ ಪಂಪ್ ಹಾಕಿ ಎಳೆಯೋದು. ಕೊನೆಗೆ ಓಡ್ತಿರೋ ಎಂಜಿನ್ನಿನ ಕಾರ್ಬ್ಯುರೇಟರ್‌ಗೆ ಫಾಗಿಂಗ್ ಆಯಿಲ್ ಸಿಂಪಡಿಸಿದರೆ ಬಿಳಿ ಹೊಗೆ ಕಾರುತ್ತಾ, ಕೆಮ್ಮುತ್ತಾ ನಿಲ್ಲುತ್ತೆ. ಸಿಲಿಂಡರ್ ಗೋಡೆಗೆಲ್ಲ ಎಣ್ಣೆಯ ಪದರ ಕೂತು ತುಕ್ಕು ಹಿಡಿಯಲ್ಲ.

ಆಮೇಲೆ ನೀರು ಖಾಲಿ ಮಾಡೋದು. ಬ್ಲಾಕಿನ ಎಡಕ್ಕೊಂದು ಬಲಕ್ಕೊಂದು ಹಿತ್ತಾಳೆ ಪ್ಲಗ್, ಮ್ಯಾನಿಫೋಲ್ಡ್‌ಗಳಿಗೆ ಬೇರೆ, ಜೊತೆಗೆ ಪೈಪುಗಳು. ಇಂಪೆಲರ್ ಬಿಚ್ಚಿ ಎಲೆಗಳನ್ನು ಎಣಿಸೋದು. ಒಂದು ಮುರಿದಿದ್ದರೆ ಆ ತುಂಡು ಮುಂದೆ ಎಲ್ಲೋ ದಾರಿ ಕಟ್ಟಿರುತ್ತೆ, ಹುಡುಕಲೇಬೇಕು. ಕೆಲವರು ಕೊನೆಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬಿಸುತ್ತಾರೆ. ಅಜ್ಜ ತುಂಬಿಸುತ್ತಿರಲಿಲ್ಲ. "ಒಳಗೆ ನೀರು ಉಳಿದಿದ್ದರೆ ಅದೂ ತೆಳ್ಳಗಾಗುತ್ತೆ. ಖಾಲಿ ಇದ್ದರೆ ಒಡೆಯೋಕೆ ಏನೂ ಇಲ್ಲ" ಅನ್ನೋದು ಅವರ ಲೆಕ್ಕ.

ಪ್ರತಿ ಪ್ಲಗ್ಗಿನ ಕೆಳಗೂ ಅಜ್ಜ ಒಂದು ಹಳೇ ಐಸ್‌ಕ್ರೀಮ್ ಬಕೆಟ್ ಇಡುತ್ತಿದ್ದರು. ಎಷ್ಟು ನೀರು ಬಂತು ಅಂತ ನೋಡಿ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು. ದೋಣಿ ಕೊಂಡ ವರ್ಷದಿಂದ ಇದ್ದ ಪುಸ್ತಕ ಅದು. ತಾರೀಖು, ಆಯಿಲ್, 'ಎಡ: ಅರ್ಧಕ್ಕಿಂತ ಮೇಲೆ. ಬಲ: ಅರ್ಧಕ್ಕಿಂತ ಮೇಲೆ.' ನೀರು ನಿಂತ ಮೇಲೆ ಗೋಡೆಯ ಮೊಳೆಗೆ ನೇತುಹಾಕಿದ್ದ ಗಟ್ಟಿ ತಂತಿ ತೆಗೆದುಕೊಂಡು ಎರಡೂ ತೂತಿನೊಳಗೆ ಆಡಿಸುತ್ತಿದ್ದರು. ಇನ್ನೊಂದಿಷ್ಟು ಕಂದು ನೀರು ಬರುತ್ತಿತ್ತು. ನನಗದು ಮುದುಕರ ಮಡಿಯ ಹಾಗೆ ಕಂಡಿತ್ತು.

ಎರಡನೇ ವರ್ಷ ಅಕ್ಟೋಬರ್‌ನಲ್ಲಿ ಅಜ್ಜ ಸೊಂಟದ ಆಪರೇಷನ್ ಮಾಡಿಸಿಕೊಂಡು ಮಗಳ ಮನೆಯಲ್ಲಿದ್ದರು. ಆಯಿಲ್, ಪೆಟ್ರೋಲ್ ಎಲ್ಲ ಹೋಗುವ ಮೊದಲೇ ಮುಗಿಸಿದ್ದರು. ಒಂದು ಸಂಜೆ ಫೋನ್ ಬಂತು. "ಇವತ್ತು ರಾತ್ರಿ ಮೈನಸ್ ಹತ್ತಕ್ಕೆ ಹೋಗುತ್ತಂತೆ. ನೀರು ಖಾಲಿ ಮಾಡ್ತೀಯಾ? ನೋಡಿದ್ದೀಯಲ್ಲ." ನೋಡಿದ್ದೀನಿ ಅಂದೆ. ಮರುದಿನ ಬೆಳಿಗ್ಗೆ ನನ್ನ ಪ್ರಾಜೆಕ್ಟ್ ಸಲ್ಲಿಸಬೇಕಿತ್ತು, ಇನ್ನೂ ಅರ್ಧ ಬಾಕಿ.

ಶೆಡ್ಡಿನಲ್ಲಿ ಆಗಲೇ ಬೆರಳು ಮರಗಟ್ಟೋ ಚಳಿ. ಎಡಗಡೆಯ ಪ್ಲಗ್ ಸಲೀಸಾಗಿ ಬಂತು, ನೀರು ಸುರಿದು ಬಕೆಟ್ ಅರ್ಧ ದಾಟಿತು. ಬಲಗಡೆಯದು ಸ್ಟಾರ್ಟರ್ ಮೋಟಾರಿನ ಸಂದಿಯಲ್ಲಿ. ಹೊಟ್ಟೆ ಮೇಲೆ ಮಲಗಿ, ಕಣ್ಣಿಗೆ ಕಾಣದ್ದನ್ನು ಕೈಯಲ್ಲೇ ತಡಕಿ ಸ್ಪ್ಯಾನರ್ ತಿರುಗಿಸಬೇಕು. ಕೊನೆಗೂ ಪ್ಲಗ್ ಬಿಚ್ಚಿತು. ಒಂದಿಷ್ಟು ಕೆಸರು, ನಾಲ್ಕು ಹನಿ ನೀರು. ಅಷ್ಟೇ. ಕಾದೆ. ಏನೂ ಬರಲಿಲ್ಲ.

ಆ ಕ್ಷಣ ನನಗೆ ಅನುಮಾನ ಬಂದಿತ್ತು. ಇದನ್ನು ಮುಚ್ಚಿಡಲ್ಲ. ಆದರೆ ಅನುಮಾನದ ಹಿಂದೆಯೇ ಒಂದು ಥಿಯರಿಯೂ ಬಂತು: ಎರಡೂ ಕಡೆ ಒಳಗೆ ಸೇರಿರುತ್ತಲ್ಲ, ನೀರೆಲ್ಲ ಎಡಗಡೆಯಿಂದಲೇ ಹೋಗಿರಬೇಕು. ಎಂಜಿನಿಯರಿಂಗ್ ಓದಿದವರಿಗೆ ಇದೊಂದು ಅನುಕೂಲ, ಬೇಕಾದಾಗ ಬೇಕಾದ ಥಿಯರಿ ಕೈಗೆ ಸಿಗುತ್ತೆ. ವಿ8ರಲ್ಲಿ ಎರಡು ಕಡೆಯ ಜಾಕೆಟ್‌ಗಳೂ ಬೇರೆ ಬೇರೆ, ಮುಂದಿನ ಪಂಪು ಮತ್ತು ಮೇಲಿನ ದಾರಿಯಲ್ಲಷ್ಟೇ ಸೇರೋದು. ಕೆಳಗಿನ ಒಂದು ತೂತು ಇನ್ನೊಂದು ಕಡೆಯ ತಳ ಖಾಲಿ ಮಾಡಲ್ಲ. ಎರಡು ನಿಮಿಷ ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ತಂತಿ ಎದುರಿನ ಮೊಳೆಯಲ್ಲೇ ನೇತಾಡುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಇಡಬೇಕಿತ್ತು.

ಎದ್ದೆ. ನೋಟ್‌ಬುಕ್ ತೆಗೆದೆ. ಹಿಂದಿನ ವರ್ಷದ ಸಾಲು ನೋಡಿದೆ. ತಾರೀಖು ಹಾಕಿ ಬರೆದೆ: 'ಎಡ: ಅರ್ಧಕ್ಕಿಂತ ಮೇಲೆ. ಬಲ: ಅರ್ಧಕ್ಕಿಂತ ಮೇಲೆ.' ಅಜ್ಜನಿಗೆ "ಆಯ್ತು ಸರ್" ಅಂತ ಮೆಸೇಜ್ ಹಾಕಿದೆ.

ಇದನ್ನು ಬರೆಯುವಾಗ ಕೈ ನಡುಗಲಿಲ್ಲ. ಯಾಕಂದರೆ ಆ ಕೈಗೆ ಅಭ್ಯಾಸವಿತ್ತು. ಆರನೇ ಸೆಮಿಸ್ಟರ್‌ನ ಐಸಿ ಎಂಜಿನ್ ಲ್ಯಾಬ್ ನೆನಪಿಸಿಕೊಳ್ಳಿ. ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್, ಹೀಟ್ ಬ್ಯಾಲೆನ್ಸ್ ಶೀಟ್. ಜಾಕೆಟ್ಟಿನ ನೀರು ಒಂದು ಲೀಟರ್ ತುಂಬೋಕೆ ಎಷ್ಟು ಸೆಕೆಂಡ್ ಅಂತ ಅಳೆಯಬೇಕು. ನಮ್ಮ ಬ್ಯಾಚಿನಲ್ಲಿ ಸ್ಟಾಪ್‌ವಾಚ್ ಒತ್ತೋದನ್ನು ಮರೆತಿದ್ದೆವು. ಸೀನಿಯರ್ ರೆಕಾರ್ಡ್ ತೆಗೆದು, ಅವನ ಸೆಕೆಂಡುಗಳಿಗೆ ಒಂದೆರಡು ದಶಾಂಶ ಆಚೆ ಈಚೆ ಮಾಡಿ ಬರೆದೆವು. ಲೆಕ್ಕ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಸರ್ 'ಗುಡ್' ಅಂತ ಸಹಿ ಹಾಕಿದರು. ಹತ್ತಕ್ಕೆ ಹತ್ತು. ಅಲ್ಲಿ ಯಾವ ಎಂಜಿನ್ನೂ ಒಡೀಲಿಲ್ಲ. ಜಾಕೆಟ್ಟಿನ ನೀರು ನನಗೆ ಒಂದು ಕಾಲಂ ಆಗಿತ್ತು, ನೀರಾಗಿರಲಿಲ್ಲ.

ಏಪ್ರಿಲ್‌ನಲ್ಲಿ ಕೆರೆಯ ಐಸ್ ಕರಗಿತು. ಅಜ್ಜ ಕೋಲೂರಿಕೊಂಡು ಶೆಡ್ಡಿಗೆ ಬಂದರು. ಇಬ್ಬರೂ ಸೇರಿ ಪ್ಲಗ್ ಹಾಕಿ, ಹೊಸ ಇಂಪೆಲರ್ ಕೂರಿಸಿ, ಬ್ಯಾಟರಿ ಜೋಡಿಸಿದೆವು. ಬ್ಲೋವರ್, ಆಮೇಲೆ ಕೀ. ಎಂಜಿನ್ ಮೊದಲ ಸಲಕ್ಕೇ ಹಿಡಿಯಿತು. ಅಜ್ಜನ ಮುಖ ಅರಳಿತು. ಐದು ನಿಮಿಷದಲ್ಲಿ ದೋಣಿಯ ತಳದಲ್ಲಿ ನೀರು ಕಾಣಿಸಿತು. ಯಾವುದೋ ಕ್ಲಾಂಪ್ ಸಡಿಲ ಇರಬೇಕು ಅಂತ ಅಜ್ಜ ಟಾರ್ಚು, ಕನ್ನಡಿ ಹಿಡಿದು ಹುಡುಕಿದರು. ಬಲಗಡೆ, ಬ್ಲಾಕಿನ ಪಕ್ಕೆಯಲ್ಲಿ, ಬೆರಳುದ್ದದ ಒಂದು ಗೆರೆ. ಕೂದಲಷ್ಟು ಸಣ್ಣದು. ಅದರುದ್ದಕ್ಕೂ ನೀರು ಬೆವರಿನ ಹಾಗೆ ಹೊಮ್ಮುತ್ತಿತ್ತು. ಎಂಜಿನ್ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದರು. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬಿರುಕು ಒಳಗೂ ಇತ್ತು. ಬ್ಲಾಕ್ ಕೆಲಸ ಮುಗಿಯಿತು.

ಅಜ್ಜ ನೋಟ್‌ಬುಕ್ ತೆಗೆದರು. ನನ್ನ ಸಾಲಿನ ಮೇಲೆ ಬೆರಳಿಟ್ಟು ಓದಿದರು. "ನೀರು ಪೂರ್ತಿ ಬಂದಿದೆಯಲ್ಲ" ಅಂದರು. ಆಮೇಲೆ ಒಬ್ಬ ಒಳ್ಳೇ ಮೆಕ್ಯಾನಿಕ್ ಏನು ಮಾಡುತ್ತಾನೋ ಅದನ್ನೇ ಮಾಡಿದರು, ಪುಸ್ತಕದಲ್ಲಿದ್ದುದನ್ನು ನಂಬಿ ಬೇರೆ ಕಾರಣ ಹುಡುಕತೊಡಗಿದರು. ಎರಕ ತುಕ್ಕು ತಿಂದು ತೆಳ್ಳಗಾಗಿತ್ತೇನೋ. ಹೋದ ಬೇಸಿಗೆಯಲ್ಲಿ ಎಂಜಿನ್ ಒಮ್ಮೆ ವಿಪರೀತ ಬಿಸಿಯಾಗಿತ್ತು, ಆಗಲೇ ಸೂಕ್ಷ್ಮ ಬಿರುಕು ಬಿಟ್ಟಿತ್ತೇನೋ, ತಾನು ಗಮನಿಸಲಿಲ್ಲವೇನೋ. ಎರಡು ದಿನ ತಮ್ಮ ತಪ್ಪನ್ನೇ ಹುಡುಕಿದರು. ಎರಡು ದಿನವೂ ನಾನು ಪಕ್ಕದಲ್ಲಿ ನಿಂತು "ಹೌದೇನೋ" ಅನ್ನುತ್ತಿದ್ದೆ. ಬ್ಲಾಕ್ ಒಡೆದದ್ದಕ್ಕಿಂತ ಈ ಎರಡು ದಿನ ನನಗೆ ಈಗಲೂ ಚುಚ್ಚುತ್ತವೆ.

ಮೂರನೇ ದಿನ ಅಡುಗೆಮನೆಯಲ್ಲಿ ಹೇಳಿದೆ. ಬಲಗಡೆಯಿಂದ ನೀರು ಬರಲಿಲ್ಲ, ಹಳೇ ಸಾಲು ನೋಡಿ ಬರೆದೆ ಅಂದೆ. ಅಜ್ಜ ಕಾಫಿ ಕಪ್ಪು ಕೆಳಗಿಟ್ಟರು. ಬಹಳ ಹೊತ್ತು ಮಾತಾಡಲಿಲ್ಲ. "ತೂತಿಗೆ ಹೂಳು ಕಟ್ಟಿದೆ. ತಂತಿ ಹಾಕಬೇಕಿತ್ತು" ಅಂದರು. ಆಮೇಲೆ, "ಗೊತ್ತಾಗದಿದ್ದರೆ ಫೋನ್ ಮಾಡಬಹುದಿತ್ತಲ್ಲ. ನೀರು ಬರಲಿಲ್ಲ ಅಂದಿದ್ದರೆ ತಂತಿ ಅಂತಿದ್ದೆ. ಅಷ್ಟೇ ಇತ್ತು."

ಶೆಡ್ಡಿನಿಂದ ನೋಟ್‌ಬುಕ್ ತಂದು ಮುಂದಿಟ್ಟರು. ನಾನು ಆ ಸಾಲನ್ನು ಗೀಚಿ ಹಾಕಲು ಹೋದಾಗ ತಡೆದರು. "ಅಳಿಸಬೇಡ. ಓದೋಕೆ ಬರೋ ಹಾಗೆ ಒಂದೇ ಗೆರೆ ಎಳಿ. ಪಕ್ಕದಲ್ಲಿ ನಿಜ ಏನೋ ಅದನ್ನು ಬರಿ. ಸಹಿ ಹಾಕು, ಇವತ್ತಿನ ತಾರೀಖು ಹಾಕು." ಟೂಲ್ ರೂಮಿನಲ್ಲಿ ತಪ್ಪು ಅಳತೆ ಬರೆದರೆ ಹಾಗೆಯೇ ಮಾಡುತ್ತಿದ್ದರಂತೆ. ತಪ್ಪೂ ಕಾಣಬೇಕು, ತಿದ್ದಿದ್ದೂ ಕಾಣಬೇಕು. 'ಬಲ: ನೀರು ಬರಲಿಲ್ಲ. ಪರೀಕ್ಷಿಸಲಿಲ್ಲ' ಅಂತ ಬರೆದು ಸಹಿ ಹಾಕಿದೆ. ಇದನ್ನು ಬರೆಯುವಾಗ ಕೈ ನಡುಗಿತು.

ಅವರು "ಪರವಾಗಿಲ್ಲ ಬಿಡು" ಅಂದರು ಅಂತ ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಅವರು ಹಾಗನ್ನಲಿಲ್ಲ. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ರೀಕಂಡಿಷನ್ ಮಾಡಿದ ಒಂದು ಎಂಜಿನ್ ತರಿಸುವ ಲೆಕ್ಕ ಹಾಕಿ, "ಅರ್ಧ ನಿನ್ನದು. ಕೆಲಸ ಸಿಕ್ಕ ಮೇಲೆ ಕೊಡು. ಕೂರಿಸೋ ಕೆಲಸವೂ ಅರ್ಧ ನಿನ್ನದು" ಅಂದರು. ನನಗೆ ಅದು ಕ್ಷಮೆಗಿಂತ ದೊಡ್ಡ ಮರ್ಯಾದೆ ಅನ್ನಿಸಿತು.

ಕೆಲಸ ಅದೇ ಊರಿನಲ್ಲಿ ಸಿಕ್ಕಿತು. ಆ ಬೇಸಿಗೆಯ ಸಂಜೆಗಳೆಲ್ಲ ಶೆಡ್ಡಿನಲ್ಲೇ ಕಳೆದವು. ಹಳೇ ಬ್ಲಾಕನ್ನು ಚೈನ್ ಬ್ಲಾಕಿನಿಂದ ಎತ್ತಿ ಹೊರಗಿಟ್ಟೆವು. ಬಲಗಡೆಯ ತೂತಿಗೆ ಅಜ್ಜ ನನ್ನ ಕೈಲೇ ತಂತಿ ಹಾಕಿಸಿದರು. ಗಟ್ಟಿಯಾದ ಕೆಂಪು ಹೂಳಿನ ಬಿರಡೆಯೊಂದು ಉದುರಿತು, ಅಡಿಕೆಯಷ್ಟು ದಪ್ಪ. ಐದು ಸಾವಿರದ ಏಳುನೂರು ಸಿಸಿ ಎಂಜಿನ್ ಕೊಂದದ್ದು ಅದು ಮತ್ತು ನನ್ನ ಆ ಒಂದು ಸಾಲು.

ಹೊಸ ಎಂಜಿನ್ ಕೂರಿಸಿದ ಮೇಲೆ ಶಾಫ್ಟ್ ಅಲೈನ್‌ಮೆಂಟ್. ಗೇರ್‌ಬಾಕ್ಸಿನ ಕಪ್ಲಿಂಗ್ ಮುಖ, ಶಾಫ್ಟಿನ ಕಪ್ಲಿಂಗ್ ಮುಖ, ಎರಡರ ನಡುವೆ ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಫೀಲರ್ ಗೇಜ್ ಹಾಕಿ ನೋಡಬೇಕು. ವ್ಯತ್ಯಾಸ ಇಂಚಿನ ಸಾವಿರದಲ್ಲಿ ಮೂರು ಭಾಗ ದಾಟಬಾರದು, ಅಂದರೆ 0.08 ಮಿಲಿಮೀಟರ್‌ಗಿಂತ ಕಡಿಮೆ. ಅದೂ ದೋಣಿ ನೀರಿನಲ್ಲಿರುವಾಗಲೇ ಕೊನೆಯ ಅಳತೆ, ಟ್ರೈಲರ್ ಮೇಲೆ ತಳದ ಆಕಾರ ಸ್ವಲ್ಪ ಬೇರೆ ಇರುತ್ತೆ. ಅಳತೆ ನಾನು ಹೇಳಬೇಕು, ಅಜ್ಜ ಬರೀಬೇಕು. ಮೊದಲ ಸಂಜೆ ಕೆಳಗಡೆಯ ಗೇಜ್ ಸರಿಯಾಗಿ ಹಿಡಿಯಲಿಲ್ಲ. "ಗೊತ್ತಾಗ್ತಿಲ್ಲ ಸರ್" ಅಂದೆ. ಅಜ್ಜ 'ಕೆಳಗೆ: ಗೊತ್ತಾಗಲಿಲ್ಲ' ಅಂತಲೇ ಬರೆದರು. ಅದು ಕೂಡ ಒಂದು ರೀಡಿಂಗ್ ಅಂತ ನನಗೆ ನಾಲ್ಕು ವರ್ಷದ ಬಿ.ಇ.ಯಲ್ಲಿ ಹೊಳೆದಿರಲಿಲ್ಲ.

ತಮ್ಮಂದಿರೇ, ತಂಗಿಯರೇ, ರೆಕಾರ್ಡ್ ಕಾಪಿ ಮಾಡಬೇಡಿ ಅಂತ ಉಪದೇಶ ಮಾಡೋ ಯೋಗ್ಯತೆ ನನಗಿಲ್ಲ. ಇಷ್ಟು ಮಾತ್ರ ಹೇಳ್ತೀನಿ. ಮುಂದಿನ ಸಲ ಲ್ಯಾಬ್‌ನಲ್ಲಿ ಗ್ರಾಫಿಗೆ ಕೂರದ ಒಂದು ರೀಡಿಂಗ್ ಬಂದಾಗ ಅದನ್ನು ಹಾಗೆಯೇ ಬರೆದು, ಯಾಕೆ ಹೀಗೆ ಅಂತ ಸರ್‌ಗೆ ಕೇಳಿ ನೋಡಿ. ಒಂದೆರಡು ಮಾರ್ಕ್ಸ್ ಹೋಗಬಹುದು. ತಂತಿ ಹಾಕೋ ಅಭ್ಯಾಸ ಅಲ್ಲಿಂದಲೇ ಶುರುವಾಗಬೇಕು, ನನಗೆ ಶುರುವಾದದ್ದು ತಡವಾಗಿ ಮತ್ತು ದುಬಾರಿಯಾಗಿ.

ಆ ವರ್ಷದ ಅಕ್ಟೋಬರ್‌ನಲ್ಲಿ ಅಜ್ಜ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಈ ಸಲ ಒಂದು ಮಾತೂ ಹೇಳಲಿಲ್ಲ. ಎಲ್ಲ ಮುಗಿಸಿ, ಕೈ ಒರೆಸಿಕೊಂಡು, ನಾನು ನೋಟ್‌ಬುಕ್‌ನಲ್ಲಿ ಬರೆದೆ: 'ಎಡ: ಅರ್ಧಕ್ಕಿಂತ ಮೇಲೆ. ಬಲ: ಮೊದಲು ಕಾಲು ಬಕೆಟ್ ಬಂದು ನಿಂತಿತು. ತಂತಿ ಹಾಕಿದೆ. ಮಿಕ್ಕಿದ್ದು ಬಂತು.'